ಕಬ್ಬಿಣದ ಕೊಳವೆ, ಕಾಗದದ ಕೊಳವೆ

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ, ದೀಪಾವಳಿ ರಜೆಯಲ್ಲಿ, ಶಾಲೆಯ ಹಿಂದಿನ ಗುಂಡುತೋಪಿನಲ್ಲಿ ಪಟಾಕಿ ಸಿಡಿದು ನನ್ನ ಸಹಪಾಠಿಯೊಬ್ಬನ ಎಡಗೈಗೆ ಪೆಟ್ಟಾಯಿತು. ಊರಿನ ಕೆಲವರಿಗೆ ಇದು ನೆನಪಿರಬಹುದು. ಅದು ಪಟಾಕಿ ಆಗಿರಲಿಲ್ಲ. ಕೆಟ್ಟುಹೋದ ಸೈಕಲ್ ಪಂಪಿನ ಕೊಳವೆಗೆ ಪಟಾಕಿಯ ಮದ್ದು ತುಂಬಿ ನಾವಿಬ್ಬರೂ ಸೇರಿ ಮಾಡಿದ ರಾಕೆಟ್ಟು. ಮದ್ದು ತುಂಬಿದವನು ನಾನು, ಬತ್ತಿ ಹಚ್ಚಿದವನು ಅವನು. ಅದು ಮೇಲೇಳಲಿಲ್ಲ, ನಿಂತಲ್ಲೇ ಒಡೆಯಿತು. ಅವನ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಮನೆಯವರ ಮುಂದೆ, ಮೇಷ್ಟ್ರ ಮುಂದೆ 'ಪಟಾಕಿ' ಎಂದು ಹೇಳಿದವನೂ ಅವನೇ. ನನ್ನ ಹೆಸರು ಎಲ್ಲೂ ಬರಲಿಲ್ಲ.

ಈ ಸಂಚಿಕೆಗೆ ಬರೆಯಬೇಕೆಂದು ಕೇಳಿದಾಗ ಮೊದಲು ಅವನಿಗೇ ಫೋನ್ ಮಾಡಿದೆ. "ಬರಿಯೋ, ಇಷ್ಟು ವರ್ಷ ಆಯ್ತಲ್ಲ" ಅಂದ. ಆಮೇಲೆ, "ಆದ್ರೆ ಅದು ಯಾಕೆ ಒಡೀತು ಅಂತಾನೂ ಬರಿ. ನಂಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ" ಅಂದ.

ಅವನ ಪ್ರಶ್ನೆಗೆ ಉತ್ತರ ನಮ್ಮ ನಾಡಿನಿಂದಲೇ ಶುರುವಾಗುತ್ತದೆ. ಹೈದರಾಲಿ ಮತ್ತು ಟಿಪ್ಪುವಿನ ಮೈಸೂರು ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬಳಸುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಒಂದು ಹಾಳುಬಾವಿಯಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಮದ್ದು ಉರಿದಾಗ ಹುಟ್ಟುವ ಅನಿಲವನ್ನು ಕೊಳವೆ ತಡೆದು ಹಿಡಿದು, ಹಿಂದಿನ ಸಣ್ಣ ಬಾಯಿಯಿಂದ ಮಾತ್ರ ಹೊರಗೆ ಬಿಡಬೇಕು. ಕೊಳವೆ ಎಷ್ಟು ಒತ್ತಡ ತಾಳುತ್ತದೋ ಅಷ್ಟು ಬಲ, ಅಷ್ಟು ದೂರ. ಕಾಗದ, ಬಿದಿರು ತಾಳದ ಒತ್ತಡವನ್ನು ಮೈಸೂರಿನ ಕಬ್ಬಿಣ ತಾಳಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರಿವ್ ಎಂಬಾತ 1800ರ ದಶಕದ ಮೊದಲ ವರ್ಷಗಳಲ್ಲಿ ಅದೇ ವಿಚಾರದ ಮೇಲೆ ಬ್ರಿಟಿಷ್ ಸೈನ್ಯಕ್ಕೆ ರಾಕೆಟ್ಟು ಮಾಡಿಕೊಟ್ಟ. ನಾಸಾದ ವಾಲಪ್ಸ್ ಕೇಂದ್ರದಲ್ಲಿ ಮೈಸೂರು ಸೈನಿಕರ ರಾಕೆಟ್ಟಿನ ಚಿತ್ರ ಕಂಡದ್ದನ್ನು ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ತರಗತಿಯಲ್ಲಿ ಈ ಪಾಠ ಕೇಳಿ ನಮ್ಮ ಎದೆ ಉಬ್ಬಿತ್ತು. ಲೋಹದ ಕೊಳವೆಯೇ ಉತ್ತಮ ಎಂಬುದು ನಾವು ಅದರಿಂದ ಕಲಿತದ್ದು. ಅದು ಯುದ್ಧದ ಆಯುಧ, ಒಡೆದು ಚೂರಾದರೂ ಶತ್ರುವಿಗೇ ನಷ್ಟ ಎಂಬುದು ನಮಗೆ ಹೊಳೆಯಲಿಲ್ಲ.

ಇಂಥದೇ ತಪ್ಪು ಮಾಡಿದವರು ಅಮೆರಿಕದಲ್ಲಿ ಬಹಳ ಜನ. 1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಲ್ಲಿನ ಹೈಸ್ಕೂಲು ಹುಡುಗರಿಗೆ ರಾಕೆಟ್ಟಿನ ಹುಚ್ಚು ಹತ್ತಿತು. ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬ ಗಣಿ ಊರಿನ ಹೋಮರ್ ಹಿಕಮ್ ಮತ್ತು ಗೆಳೆಯರ ಕಥೆ 'ಅಕ್ಟೋಬರ್ ಸ್ಕೈ' ಸಿನಿಮಾ ಆಗಿ ಬಂದಿದೆ. ಅವರೂ ಮದ್ದನ್ನು ತಾವೇ ಕಲಸಿ ಲೋಹದ ಕೊಳವೆಗೆ ತುಂಬಿದವರು. ಹಿಕಮ್ ಮುಂದೆ ನಾಸಾ ಎಂಜಿನಿಯರ್ ಆದರು. ಎಲ್ಲರ ಅದೃಷ್ಟ ಹಾಗಿರಲಿಲ್ಲ. ಕೈ, ಕಣ್ಣು ಕಳೆದುಕೊಂಡ ಹುಡುಗರೂ ಇದ್ದರು.

ಇದಕ್ಕೆ ಮದ್ದು ಕಂಡುಹಿಡಿದವನು ವಿಜ್ಞಾನಿಯಲ್ಲ, ಚಪ್ಪಲಿ ಅಂಗಡಿಯವನು. ನೆಬ್ರಾಸ್ಕಾದ ನಾರ್ಫೋಕ್ ಎಂಬ ಸಣ್ಣ ಊರಿನ ಆರ್ವಿಲ್ ಕಾರ್ಲೈಲ್‌ಗೆ ಬಾಣಬಿರುಸಿನ ಹವ್ಯಾಸ, ಅವನ ಸಹೋದರ ರಾಬರ್ಟ್‌ಗೆ ಮಾದರಿ ವಿಮಾನಗಳ ಹವ್ಯಾಸ. 1954ರ ಹೊತ್ತಿಗೆ ಆರ್ವಿಲ್ ಕಾಗದದ ಕೊಳವೆ, ಹಗುರ ಮರದ ರೆಕ್ಕೆಗಳ ಒಂದು ರಾಕೆಟ್ಟು ಮಾಡಿದ. ಮದ್ದೂ ದಪ್ಪ ಕಾಗದದ ಸಣ್ಣ ಕೊಳವೆಯೊಳಗೇ. ಮದ್ದು ಉರಿದು ಮುಗಿದ ಮೇಲೆ, ಕೊನೆಯಲ್ಲಿ ಒಂದು ಚಿಟಿಕೆ ಮದ್ದು ಮುಂದಕ್ಕೆ ಸಿಡಿದು ಪ್ಯಾರಾಚೂಟನ್ನು ಹೊರಗೆ ತಳ್ಳುತ್ತಿತ್ತು. ರಾಕೆಟ್ಟು ಮೆಲ್ಲಗೆ ಇಳಿಯುತ್ತಿತ್ತು, ಮತ್ತೆ ಹಾರಿಸಬಹುದಿತ್ತು.

ಅದೇ ಕಾಲದಲ್ಲಿ ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ರಾಕೆಟ್ಟು ಹಾರಿಸುವಾಗಿನ ಸುರಕ್ಷತೆಯ ಬಗ್ಗೆ ಒಂದು ಪತ್ರಿಕೆಗೆ ಲೇಖನ ಬರೆದ. ಓದಿದ ಕಾರ್ಲೈಲ್ 1957ರ ಆರಂಭದಲ್ಲಿ ತನ್ನ ರಾಕೆಟ್ಟುಗಳನ್ನು ಅವನಿಗೆ ಕಳಿಸಿದ. ಸ್ಟೈನ್ ಹಾರಿಸಿ ನೋಡಿ, ಇದೇ ದಾರಿ ಎಂದು ಅದೇ ವರ್ಷ ಕಂಪನಿಯನ್ನೂ ಹವ್ಯಾಸಿಗಳ ಸಂಘವನ್ನೂ ಕಟ್ಟಿ, ನಿಯಮ ಬರೆದ. ಮದ್ದನ್ನು ಯಾರೂ ಕಲಸಕೂಡದು, ಕಾರ್ಖಾನೆಯಲ್ಲಿ ಮಾಡಿದ್ದೇ ಆಗಬೇಕು. ದೇಹ ಕಾಗದ, ಮರ, ಪ್ಲಾಸ್ಟಿಕ್ಕಿನದು, ಲೋಹದ್ದಲ್ಲ. ಬತ್ತಿಗೆ ಕಡ್ಡಿ ಗೀರುವುದಿಲ್ಲ, ದೂರ ನಿಂತು ತಂತಿಯಲ್ಲಿ ವಿದ್ಯುತ್ ಹರಿಸಿ ಹೊತ್ತಿಸಬೇಕು.

ಗೆಳೆಯನಿಗೆ ಉತ್ತರ ಇಲ್ಲೇ ಇದೆ. ನಾನು ತುಂಬಿದ ಮದ್ದು ಸಡಿಲವಾಗಿತ್ತು. ಗಟ್ಟಿಯಾಗಿ ಒತ್ತಿದ ಮದ್ದು ಒಂದು ಕಡೆಯಿಂದ ಕ್ರಮವಾಗಿ ಉರಿಯುತ್ತದೆ. ಸಡಿಲ ಮದ್ದಿನ ಸಂದುಗಳಲ್ಲೆಲ್ಲ ಬೆಂಕಿ ಒಟ್ಟಿಗೇ ಹೊಕ್ಕು ಒತ್ತಡ ಒಮ್ಮೆಲೇ ಏರುತ್ತದೆ. ಕಾಗದವಾಗಿದ್ದರೆ ಬೇಗ ಹರಿದು 'ಟುಸ್' ಎನ್ನುತ್ತಿತ್ತೇನೋ. ಲೋಹ ಕೊನೆಯವರೆಗೂ ತಡೆದು, ಒಡೆದಾಗ ಅಲಗಾಯಿತು. ಈಗ ಓದುತ್ತಿರುವ ಮಕ್ಕಳಿಗೆ ಒಂದೇ ಮಾತು: ಪಟಾಕಿ ಬಿಚ್ಚಬೇಡಿ.

ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. ಬಾಣಬಿರುಸಿನ ವ್ಯಾಪಾರದ ಮನೆತನದ ವರ್ನನ್ ಎಸ್ಟೆಸ್ ಕಾಗದದ ಮೋಟಾರುಗಳನ್ನು ತಯಾರಿಸಲು ಒಂದು ಯಂತ್ರ ಕಟ್ಟಿದ. ಅದಕ್ಕೆ ಅವನಿಟ್ಟ ಹೆಸರು ಮೇಬಲ್. ಐದೂವರೆ ಸೆಕೆಂಡಿಗೆ ಒಂದು ಮೋಟಾರು. 1961ರಲ್ಲಿ ಅವನ ಕಂಪನಿ ಕೊಲರಾಡೋದ ಪೆನ್‌ರೋಸ್ ಎಂಬ ಊರಿಗೆ ಹೋಯಿತು. ಬಿಡಿ ಭಾಗಗಳ ಕಿಟ್ಟುಗಳು ಅಲ್ಲಿಂದ ಶಾಲೆ ಶಾಲೆಗೂ ಹೋದವು. ಮೋಟಾರಿಗೆ ಎ, ಬಿ, ಸಿ ಎಂದು ಅಕ್ಷರದ ಲೆಕ್ಕ, ಅಕ್ಷರ ಒಂದು ಮೇಲೇರಿದರೆ ಗರಿಷ್ಠ ಶಕ್ತಿ ಎರಡರಷ್ಟು. ಇದು ರಾಜನ ಚದುರಂಗದ ಮನೆಗಳಲ್ಲಿ ಅಕ್ಕಿ ಇಟ್ಟ ಕಥೆಯ ಹಾಗೆ. 'ಸಿ'ಗೆ 10 ನ್ಯೂಟನ್-ಸೆಕೆಂಡ್ ಇದ್ದದ್ದು 'ಎಚ್'ಗೆ 320 ಆಗುತ್ತದೆ. 'ಎಚ್' ಮತ್ತು ಅದಕ್ಕಿಂತ ದೊಡ್ಡ ಮೋಟಾರು ಬೇಕಾದರೆ ಸಂಘದವರ ಕಣ್ಣೆದುರು ರಾಕೆಟ್ಟು ಹಾರಿಸಿ, ಹಾಳಾಗದಂತೆ ಇಳಿಸಿ, ಅರ್ಹತೆ ಪಡೆಯಬೇಕು. 2009ರ ಏಪ್ರಿಲ್ 25ರಂದು ಸ್ಟೀವ್ ಈವ್ಸ್ ಎಂಬುವರು ಚಂದ್ರನಿಗೆ ಹೋದ ಸ್ಯಾಟರ್ನ್-5ರ ಹತ್ತರಲ್ಲೊಂದು ಅಳತೆಯ ಮಾದರಿಯನ್ನು ಮೇರಿಲ್ಯಾಂಡಿನಲ್ಲಿ ಹಾರಿಸಿದರು. 36 ಅಡಿ ಎತ್ತರ, ಸುಮಾರು 750 ಕಿಲೋ ತೂಕ. 4,400 ಅಡಿ ದಾಟಿ ಹೋಗಿ ಪ್ಯಾರಾಚೂಟಿನಲ್ಲಿ ಇಳಿಯಿತು.

ಕಂಪನಿ ನನ್ನನ್ನು ಡೆನ್ವರಿಗೆ ಕಳಿಸಿದಾಗ ಪೆನ್‌ರೋಸ್ ಅದೇ ರಾಜ್ಯದಲ್ಲಿದೆ ಎಂದು ಗೊತ್ತಾಯಿತು. ಒಂದು ಸಂಘ ಸೇರಿ, ಐದೂವರೆ ಅಡಿ ಎತ್ತರದ, ನಾಲ್ಕು ಇಂಚು ದಪ್ಪದ ಕಿಟ್ ಕೊಂಡೆ. ರಟ್ಟಿನ ಕೊಳವೆ, ಪ್ಲೈವುಡ್ ರೆಕ್ಕೆ, ಪ್ಲಾಸ್ಟಿಕ್ ಮೂತಿ. ದೊಡ್ಡ ಮೋಟಾರಿಗೆ ಬರೀ ರಟ್ಟು ಸಾಲದು ಎಂದು ಫೈಬರ್ ಗ್ಲಾಸ್ ಬಟ್ಟೆ, ಎಪಾಕ್ಸಿ ಅಂಟು ತಂದೆ.

ನನ್ನೊಳಗೆ ಆ ಪಂಪು ಇನ್ನೂ ಒಡೆಯುತ್ತಲೇ ಇತ್ತು ಎಂದು ಕಾಣುತ್ತದೆ, ಹಿಂಭಾಗಕ್ಕೆ ಮೂರು ಪದರ ಬಟ್ಟೆ ಸುತ್ತಿದೆ. ರೆಕ್ಕೆಯ ಬುಡ ಕೊಳವೆಯ ಸೀಳಿನಲ್ಲಿ ಒಳಹೊಕ್ಕು ಮೋಟಾರಿನ ಕೊಳವೆಗೆ ಅಂಟಬೇಕು, ಆ ಮೂಲೆಗಳಿಗೆಲ್ಲ ಒಳಗೂ ಹೊರಗೂ ಎಪಾಕ್ಸಿ ತುಂಬಿದೆ. ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಎರಡು ರಾತ್ರಿ ಉಜ್ಜಿದೆ. (ಮುಖಕ್ಕೆ ಮಾಸ್ಕ್ ಹಾಕಿದ್ದೆ, ತೋಳಿಗೆ ಏನೂ ಹಾಕಿರಲಿಲ್ಲ. ವಾರವಿಡೀ ತುರಿಕೆ.) ತೂಗಿದರೆ ಹಿಂಭಾಗ ಅರ್ಧ ಕಿಲೋ ಹೆಚ್ಚು. ರಾಕೆಟ್ಟಿನ ಭಾರದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿರಬೇಕು, ಇಲ್ಲದಿದ್ದರೆ ನೆಟ್ಟಗೆ ಹಾರುವುದಿಲ್ಲ. ಒತ್ತಡದ ಕೇಂದ್ರ ಕಂಡುಹಿಡಿಯುವ ಸೂತ್ರವನ್ನು ಹವ್ಯಾಸಿಗಳಿಗೆ 1966ರಲ್ಲಿ ಕೊಟ್ಟವರು ನಾಸಾದ ಜೇಮ್ಸ್ ಬ್ಯಾರೋಮನ್. ಈಗ ಅದನ್ನು ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಮಾಡುತ್ತದೆ, ಅದು ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬನ ಸ್ನಾತಕೋತ್ತರ ಪ್ರಬಂಧವಾಗಿ ಹುಟ್ಟಿದ್ದು. ಅದರಲ್ಲಿ ಲೆಕ್ಕ ಹಾಕಿ ಮೂತಿಗೂ ತೂಕ ಸೇರಿಸಿದೆ. ತೂಕ ಹೆಚ್ಚಿದ್ದಕ್ಕೆ 'ಎಚ್' ಸಾಲದೆ 'ಐ' ಮೋಟಾರು ಬೇಕಾಯಿತು.

ಹುಲ್ಲುಗಾವಲಿನಲ್ಲಿ ನೂರು ಅಡಿ ದೂರ ನಿಂತು ಗುಂಡಿ ಒತ್ತಿದೆ. ಏರಿದ್ದು ನೆಟ್ಟಗೇ ಏರಿತು. ಆದರೆ ಪ್ಯಾರಾಚೂಟ್ ತಡವಾಗಿ, ರಾಕೆಟ್ಟು ಕೆಳಮುಖವಾಗಿ ವೇಗ ಹಿಡಿದ ಮೇಲೆ ಹೊರಬಂತು. ಜಗ್ಗಿದ ಹಗ್ಗ ಕೊಳವೆಯ ಮೇಲಂಚನ್ನು ಬಾಳೆದಿಂಡಿನಂತೆ ಒಂದು ಗೇಣು ಸೀಳಿತು. ನಾನು ಮೂರು ಪದರ ಸುತ್ತಿದ್ದ ಕಡೆ ಗೀರೂ ಇರಲಿಲ್ಲ. ಸೀಳಿದ್ದು ಒಂದು ಪದರವನ್ನೂ ಹಾಕದ ಕಡೆ. ಅರ್ಹತೆ ಸಿಗಲಿಲ್ಲ.

ನಮ್ಮೂರ ಬಡಗಿಗಳು ಗಾಡಿ ಮಾಡುವಾಗ ಮರಕ್ಕೆಲ್ಲ ಕಬ್ಬಿಣ ಹೊದಿಸುತ್ತಿರಲಿಲ್ಲ. ಗಾಲಿಯ ಗುಂಬಕ್ಕೊಂದು ಬಳೆ, ಸುತ್ತಲೊಂದು ಪಟ್ಟಿ, ಅಷ್ಟೇ. ಚಿಕ್ಕಂದಿನಿಂದ ನೋಡಿದ್ದೆ. ಬಿ.ಇ. ಓದಿದ ಮೇಲೂ ನೆನಪಾಗಲು ರಾಕೆಟ್ಟು ಸೀಳಬೇಕಾಯಿತು. ಹಿಂಭಾಗದ ಹೆಚ್ಚಿನ ಪದರಗಳನ್ನು ಉಜ್ಜಿ ತೆಗೆದೆ. ಸೀಳಿಗೆ ತೇಪೆ ಹಾಕಿ, ಮೇಲಂಚಿಗೆ ಒಂದು ಅಂಗೈ ಅಗಲ ಬಟ್ಟೆ ಸುತ್ತಿದೆ. ಐದು ತಿಂಗಳ ಮೇಲೆ 'ಎಚ್' ಮೋಟಾರಿನಲ್ಲೇ ಹಾರಿ, ಇನ್ನೂರು ಹೆಜ್ಜೆ ದೂರದಲ್ಲಿ ಸುರಕ್ಷಿತವಾಗಿ ಇಳಿಯಿತು. ಗೆಳೆಯನಿಗೆ ವಿಡಿಯೋ ಕಳಿಸಿದೆ. "ಇದರಲ್ಲಿ ಕಬ್ಬಿಣ ಎಷ್ಟಿದೆ?" ಎಂಬುದೇ ಅವನ ಮೊದಲ ಪ್ರಶ್ನೆ. ನನ್ನ ಮೋಟಾರಿಗೆ ಲೋಹದ ಹೊದಿಕೆ ಇದೆ, ಆದರೆ ಅದು ಅಲ್ಯೂಮಿನಿಯಂ, ಒತ್ತಡ ಮೀರಿದರೆ ಚೂರಾಗುವ ಬದಲು ಹಿಗ್ಗಿ ಹರಿಯುವ ಜಾತಿ ಎಂದು ವಿವರಿಸಿದೆ. "ಸರಿ, ನೂರಡಿ ದೂರಾನೇ ನಿಂತ್ಕೋ" ಅಂದ.

ಆ ರಾಕೆಟ್ಟನ್ನು ಮೂರು ಭಾಗ ಬಿಚ್ಚಿ, ಮೋಟಾರಿಲ್ಲದೆ, ಊರಿಗೆ ತಂದಿದ್ದೇನೆ. ಮಹೋತ್ಸವದ ದಿನ ವಿಜ್ಞಾನದ ಕೊಠಡಿಯಲ್ಲಿ ಇಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮೇಲಂಚಿನ ತೇಪೆಗೆ ಬಣ್ಣ ಹಚ್ಚಿಲ್ಲ, ಹಾಗೇ ಬಿಟ್ಟಿದ್ದೇನೆ. ಜೋಡಿಸಲು ಗೆಳೆಯನೂ ಬರುತ್ತೇನೆ ಎಂದಿದ್ದಾನೆ.