ಸರಪಳಿ, ಕ್ಯಾಸೆಟ್ಟು, ಉಪಗ್ರಹ



ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿಮ್ಮ ಮನೆಯವರ ತೆಂಗಿನ ತೋಟವಿದೆ ಎಂದು ಭಾವಿಸಿ. ಬದುವಿನ ಮೇಲೆ ನಿಂತು ಮೊಬೈಲ್ ಫೋನಿನಲ್ಲಿ ‘ದಿಶಾಂಕ್’ ತೆರೆಯುತ್ತೀರಿ. ನಕ್ಷೆ ಮೂಡುತ್ತದೆ; ನೀವು ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ನಾಲ್ಕು ಹೆಜ್ಜೆ ಆಚೆ ಹೋದರೆ ನಂಬರು ಬದಲಾಗುತ್ತದೆ. “ನೋಡಿ ದೊಡ್ಡಪ್ಪ, ನಿಮ್ಮ ಬದು ನಮ್ಮ ಜಮೀನಿನೊಳಗೆ ಬಂದಿದೆ” ಎಂದು ಪಕ್ಕದ ತೋಟದವರಿಗೆ ಹೇಳಿಬಿಡುವ ಮನಸ್ಸಾಗುತ್ತದೆ. ಹೇಳುವ ಮೊದಲು ಸ್ವಲ್ಪ ತಡೆಯಿರಿ. ಆ ಅಂಗೈ ಅಗಲದ ಪರದೆಯ ಹಿಂದೆ ಮೂರು ಬೇರೆ ಬೇರೆ ಇತಿಹಾಸಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ನೆಲದ ಅಳತೆಯ ಇತಿಹಾಸ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಇಂಗ್ಲಿಷರು ಮೈಸೂರು ಸೀಮೆಯ ಮೋಜಣಿಗೆ ಮುಂದಾದರು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಮದರಾಸಿನ ಬಳಿ ಸರಪಳಿಯಿಂದ ಆಧಾರರೇಖೆಗಳನ್ನು ಅಳೆದ. ತ್ರಿಭುಜದ ಒಂದು ಬಾಹು ಮತ್ತು ಎರಡು ಕೋನಗಳು ತಿಳಿದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದೆಂದು ನೀವು ಗಣಿತದಲ್ಲಿ ಕಲಿತಿದ್ದೀರಿ. ಲ್ಯಾಂಬ್ಟನ್ ಮಾಡಿದ್ದೂ ಅದನ್ನೇ. ಬೆಟ್ಟದಿಂದ ಬೆಟ್ಟಕ್ಕೆ ಥಿಯೊಡೊಲೈಟ್ ಹೊತ್ತೊಯ್ದು ಕೋನಗಳನ್ನು ಅಳೆಯುತ್ತ, ಮದರಾಸಿನಿಂದ ಮಂಗಳೂರಿನ ಕಡಲವರೆಗೆ ತ್ರಿಭುಜಗಳನ್ನು ಜೋಡಿಸಲಾಯಿತು.

ಆದರೆ ಬೆಟ್ಟಗಳ ನಡುವಣ ತ್ರಿಭುಜದಲ್ಲಿ ರೈತನ ಹೊಲ ಕಾಣುವುದಿಲ್ಲ. ಅದನ್ನು ನಕ್ಷೆಗೆ ಇಳಿಸಿದ್ದು, ಬೌರಿಂಗ್ ಕಮಿಷನರಾಗಿದ್ದಾಗ 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಕಂದಾಯ ಸರ್ವೆ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗೆ ಬಾಂದುಕಲ್ಲು, ಹೊಲಕ್ಕೊಂದು ಸರ್ವೆ ನಂಬರು, ಊರಿಗೊಂದು ಗ್ರಾಮನಕ್ಷೆ. ನಿಮ್ಮ ಪಹಣಿಯಲ್ಲಿ ಇಂದಿಗೂ ಇರುವುದು ಆ ಗುಂಟೆಯೇ.

ಎರಡನೆಯದು ಮನೆಯ ಎಲೆಕ್ಟ್ರಾನಿಕ್ಸ್‌ನ ಇತಿಹಾಸ. ಟೀವಿಯ ಕೆಲಸದಲ್ಲಿರುವ ನನಗೆ ಇದು ಬಹಳ ಮೆಚ್ಚಿನದು. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಕಾರಿನಲ್ಲಿ ನಕ್ಷೆ ತೋರಿಸುವ ಸಾಧನವೊಂದನ್ನು ತಂದಿತು. ಟೀವಿಯಲ್ಲಿದ್ದಂಥದೇ ಪುಟ್ಟ ಪಿಕ್ಚರ್ ಟ್ಯೂಬು. ಅದರ ಮುಂದೆ ನಕ್ಷೆ ಅಚ್ಚಾದ ಪಾರದರ್ಶಕ ಹಾಳೆ. ಉಪಗ್ರಹದ ನೆರವಿಲ್ಲ, ಕಾರು ತಿರುಗಿದ್ದನ್ನು ಗೈರೊಸ್ಕೋಪಿನಿಂದ ತಿಳಿದು ಬೆಳಕಿನ ಚುಕ್ಕೆಯನ್ನು ಸರಿಸುತ್ತಿತ್ತು. 1985ರಲ್ಲಿ ಕ್ಯಾಲಿಫೋರ್ನಿಯದ ಈಟ್ಯಾಕ್ ಕಂಪನಿ ಊರಿನ ನಕ್ಷೆಯನ್ನು ಕ್ಯಾಸೆಟ್ಟಿನಲ್ಲಿ ತುಂಬಿತು. 1990ರಲ್ಲಿ ಜಪಾನಿನ ಪಯೋನಿಯರ್ ಕಂಪನಿ ನಕ್ಷೆಯನ್ನು ಸೀಡಿಗೆ ಹಾಕಿ, ಜೊತೆಗೆ ಉಪಗ್ರಹ ಸಂಕೇತದ ರಿಸೀವರನ್ನೂ ಜೋಡಿಸಿತು. ಪಿಕ್ಚರ್ ಟ್ಯೂಬು, ಕ್ಯಾಸೆಟ್ಟು, ಸೀಡಿ — ಎಲ್ಲವೂ ನಡುಮನೆಯಲ್ಲಿ ಹಾಡು ಕೇಳಲು, ಚಿತ್ರ ನೋಡಲು ಇದ್ದ ವಸ್ತುಗಳೇ. ಮುಂದೆ ಅವೆಲ್ಲವೂ ಮೊಬೈಲ್ ಫೋನಿನಲ್ಲಿ ಕರಗಿಹೋದವು.

ಮೂರನೆಯದು ಉಪಗ್ರಹಗಳದು. ಅಮೆರಿಕದ ಸೇನೆ ಜಿಪಿಎಸ್‌ನ ಮೊದಲ ಉಪಗ್ರಹವನ್ನು ಹಾರಿಸಿದ್ದು 1978ರಲ್ಲಿ. 24 ಉಪಗ್ರಹಗಳ ವ್ಯವಸ್ಥೆ ಪೂರ್ಣಗೊಂಡಿದೆ ಎಂದು ಘೋಷಣೆಯಾದದ್ದು 1995ರಲ್ಲಿ. ಪ್ರತಿ ಉಪಗ್ರಹವೂ ತನ್ನ ಪರಮಾಣು ಗಡಿಯಾರದ ಸಮಯವನ್ನು ಬಿತ್ತರಿಸುತ್ತಿರುತ್ತದೆ. ಸಂಕೇತ ತಲುಪಲು ಹಿಡಿದ ಹೊತ್ತಿನಿಂದ ರಿಸೀವರು ದೂರವನ್ನು ಕಂಡುಹಿಡಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ತನ್ನ ಸ್ಥಾನ ಯಾವುದೆಂದು ಅದಕ್ಕೆ ತಿಳಿಯುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ! ಸಾಮಾನ್ಯ ಜನರಿಗೆ ಸಿಗುವ ಸಂಕೇತದಲ್ಲಿ ಅಮೆರಿಕ ಬೇಕೆಂದೇ ಸುಮಾರು 100 ಮೀಟರಿನಷ್ಟು ತಪ್ಪನ್ನು ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ನಮ್ಮ ಇಸ್ರೋ ಸ್ವಂತ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈಯಲ್ಲಿ ಹಾರಿಸಿತು. ‘ನಾವಿಕ್’ ಎಂಬ ಈ ವ್ಯವಸ್ಥೆಯ ಕೇಂದ್ರ ದೂರದಲ್ಲೆಲ್ಲೋ ಇಲ್ಲ, ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ.

ಈಗ ಮುಖ್ಯವಾದ ಮಾತಿಗೆ ಬರೋಣ. ನೀವು ಕುಣಿಗಲ್ ಪಟ್ಟಣದಲ್ಲಿ ನಿಂತರೆ ಉಪಗ್ರಹಗಳಿಂದ ದೊರೆಯುವುದು ಸುಮಾರು 13.02 ಡಿಗ್ರಿ ಉತ್ತರ, 77.03 ಡಿಗ್ರಿ ಪೂರ್ವ ಎಂಬ ಅಂಕಿಗಳು, ಅಷ್ಟೇ. ತುಮಕೂರಿನ ಅಕ್ಷಾಂಶ ಸುಮಾರು 13.34. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ, ತುಮಕೂರು ಕುಣಿಗಲ್ಲಿನಿಂದ ಸುಮಾರು 35 ಕಿಲೋಮೀಟರು ಉತ್ತರಕ್ಕಿದೆಯೆಂದು ನೀವೇ ಹೇಳಬಹುದು. ಆದರೆ ಇಲ್ಲಿರುವುದು ಕೆರೆ, ಅಲ್ಲಿರುವುದು ಇಂಥವರ ತೋಟ ಎಂಬುದು ಉಪಗ್ರಹಕ್ಕೆ ತಿಳಿಯದು. ಅದನ್ನು ಹೇಳುವುದು ನಕ್ಷೆ. ಆ ನಕ್ಷೆ ಸರಪಳಿ ಎಳೆದವರ ದುಡಿಮೆ. 2018ರಲ್ಲಿ ಬಂದ ದಿಶಾಂಕ್ ಮಾಡಿದ್ದು ಹಳೆಯ ಗ್ರಾಮನಕ್ಷೆಯ ಮೇಲೆ ಉಪಗ್ರಹದ ಚುಕ್ಕೆಯನ್ನು ಇರಿಸುವ ಕೆಲಸ.

ಎರಡೂ ಕೂಡಿದಾಗ ಎರಡರ ತಪ್ಪುಗಳೂ ಕೂಡುತ್ತವೆ. ಹಳೆಯ ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ. ಫೋನಿನ ಚುಕ್ಕೆ ಬಯಲಿನಲ್ಲಿಯೇ ಸುಮಾರು 5 ಮೀಟರು ತಪ್ಪಬಹುದು. ತೆಂಗಿನ ಗರಿಗಳ ಕೆಳಗೆ ಇನ್ನೂ ಹೆಚ್ಚು. 5 ಮೀಟರೆಂದರೆ ಅರ್ಧ ಸರಪಳಿ. 100 ಮೀಟರು ಉದ್ದದ ಬದುವಿನಲ್ಲಿ ಅಷ್ಟು ತಪ್ಪಿದರೆ ಸುಮಾರು 5 ಗುಂಟೆ ಜಮೀನು ಅತ್ತಿತ್ತ ಆಗುತ್ತದೆ. ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಲು ಅಷ್ಟು ಸಾಲದೇ?

ಹಾಗೆಂದು ಫೋನನ್ನು ಬಿಸಾಡಬೇಕಿಲ್ಲ. ಯಾವ ಸರ್ವೆ ನಂಬರಿನ ಸುತ್ತಮುತ್ತ ಇದ್ದೇವೆಂದು ತಿಳಿಯಲು ಅದು ಬಹಳ ಉಪಯುಕ್ತ. ಗಡಿ ತೀರ್ಮಾನವಾಗಬೇಕಾದರೆ ಮಾತ್ರ ಹದ್ದುಬಸ್ತಿಗೆ ಅರ್ಜಿ ಕೊಡಿ, ಭೂಮಾಪಕರು ಬರಲಿ. ಉಪಗ್ರಹದ ಸಂಕೇತ ಹಿಡಿಯುವ ರೋವರ್ ಎಂಬ ಸಾಧನ ಈಗ ಆ ವೃತ್ತಿಯಲ್ಲಿಯೂ ಬಳಕೆಯಲ್ಲಿದೆ. ನೆಲದ ಮೇಲಿನ ಸ್ಥಿರ ಕೇಂದ್ರದ ನೆರವು ಪಡೆಯುವುದರಿಂದ ಅದರ ತಪ್ಪು ಕೆಲವೇ ಸೆಂಟಿಮೀಟರು.

ಬರುವ ರಜೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ. 33 ಅಡಿಯ ಹಗ್ಗವೊಂದನ್ನು ತೆಗೆದುಕೊಳ್ಳಿ. ಒಂದು ಬಾಂದುಕಲ್ಲಿನ ಬಳಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನಿನ ಅಂಕಿಗಳನ್ನು ಬರೆದುಕೊಳ್ಳಿ. ಎರಡಕ್ಕೂ ಎಷ್ಟು ಅಂತರ ಬಂತು, ಅದು ಎಷ್ಟು ಹಗ್ಗ ಆಗುತ್ತದೆ ಎಂದು ಲೆಕ್ಕ ಹಾಕಿ. ಕಲ್ಲು ಜರುಗಿರುವುದಿಲ್ಲ. ಆ ಲೆಕ್ಕವನ್ನು ಪಕ್ಕದ ತೋಟದ ದೊಡ್ಡಪ್ಪನವರಿಗೂ ತೋರಿಸಿ.