ಘಟ್ಟ ದಾಟಿದ ಮತಕ್ಷೇತ್ರ

ಕಳಸದಿಂದ ಪಡುವಣಕ್ಕೆ ಕುದುರೆಮುಖದ ಗಿರಿಶ್ರೇಣಿ. ಅದರಾಚೆ ಕಡಲ ಸೀಮೆ. 2008ರಲ್ಲಿ ರೂಪುಗೊಂಡ ಒಂದು ಲೋಕಸಭಾ ಕ್ಷೇತ್ರ ಈ ಘಟ್ಟದ ಎರಡೂ ಬದಿಗೆ ಹರಡಿದೆ.

1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಗೆದ್ದ ಚಿಕ್ಕಮಗಳೂರು ಕ್ಷೇತ್ರವನ್ನು ಅರಿಯದವರಾರು? ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಅದನ್ನು ಅಳಿಸಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರವನ್ನು ರಚಿಸಿತು. ಕಡೂರು ಹಾಸನದ ಪಾಲಾಯಿತು. ಬೀರೂರು ವಿಧಾನಸಭಾ ಕ್ಷೇತ್ರದ ಹೆಸರೇ ಹೋಯಿತು. ಕಳಸವು ಮೂಡಿಗೆರೆಯೊಡನೆ ಕರಾವಳಿಯ ಜತೆಗೂಡಿತು.

ಶಾಸಕರೂ ಸಂಸದರೂ ಆಯೋಗದಲ್ಲಿ ಸಹಸದಸ್ಯರಾಗಿ ಕೂಡಬಹುದು, ಮತ ನೀಡುವಂತಿಲ್ಲ. ಗೆದ್ದವರೇ ಗಡಿ ಕೊರೆಯುವ ಅಮೆರಿಕದ ಹಲವು ರಾಜ್ಯಗಳ ಪದ್ಧತಿಗಿಂತ ಇದು ಲೇಸೆಂದೇ ನನ್ನ ಎಣಿಕೆ. ಆದರೆ ಆಯೋಗದ ಕೈಯಲ್ಲಿದ್ದ ತಕ್ಕಡಿ 2001ರ ಜನಗಣತಿ. ಆ ಲೆಕ್ಕದಲ್ಲಿ ಕುದುರೆಮುಖದ ಗಣಿಯೂರಿನ ಸಂಸಾರಗಳೆಲ್ಲ ಸೇರಿದ್ದವು; 2005ರ ಕೊನೆಗೆ ಗಣಿಯೇ ನಿಂತಿತು. ಹೊಸ ಗೆರೆ ಜಾರಿಗೆ ಬಂದದ್ದು ಅದಾದ ಮೇಲೆ!

ಭೂಲಕ್ಷಣ, ಸಂಚಾರಸೌಕರ್ಯಗಳನ್ನೂ ಗಮನಿಸಬೇಕೆಂದು ಕಾಯಿದೆಯೇ ಹೇಳುತ್ತದೆ, ‘ಸಾಧ್ಯವಾದಷ್ಟು’ ಎಂಬ ಮಾತು ಸೇರಿಸಿ. ಮುಂಗಾರಿನಲ್ಲಿ ಘಟ್ಟದ ದಾರಿ ಹಿಡಿದವರು ಆ ಮಾತಿನ ಅಗಲವನ್ನು ಬಲ್ಲರು. ಕೊಳೆರೋಗದಿಂದ ಅಡಿಕೆ ಉದುರಿದವನೂ ಬಲೆಗೆ ಮೀನು ಬೀಳದವನೂ ಈಗ ಒಬ್ಬರೇ ಸಂಸದರಿಗೆ ಅರ್ಜಿ ಬರೆಯಬೇಕು.

ಆಮೇಲೆ ಕಳಸವೇ ಒಂದು ತಾಲ್ಲೂಕಾಯಿತು. ಮತ ಮಾತ್ರ ಮೂಡಿಗೆರೆ ಕ್ಷೇತ್ರದ್ದೇ.