ಪ್ರತಿರೂಪಕ ವ್ಯವಹಾರ: ಕೈಚೀಲದ ಮುದ್ರೆಗಳು ಹೇಳುವ ಇತಿಹಾಸ

ಶ್ರಾವಕನ ಅಚೌರ್ಯಾಣುವ್ರತಕ್ಕೆ ಹೇಳಲಾಗಿರುವ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಬೆಲೆಯುಳ್ಳ ವಸ್ತುವಿನ ರೂಪವನ್ನು ಕೀಳು ವಸ್ತುವಿಗೆ ತೊಡಿಸಿ, ಅದನ್ನೇ ನಿಜವೆಂದು ನಂಬಿಸಿ ಮಾರುವುದು ಈ ದೋಷದ ಸ್ವರೂಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಮಾತನ್ನು ವಿವರಿಸುವಾಗ ಪೂಜ್ಯಪಾದರು ಕೃತಕ ಚಿನ್ನದ ಉದಾಹರಣೆಯನ್ನು ಎತ್ತಿಕೊಂಡಿದ್ದಾರೆ. ಕಾಲ ಬದಲಾದಂತೆ ಚಿನ್ನದ ಜೊತೆಗೆ ಬೇರೆ ವಸ್ತುಗಳೂ ಆ ಸ್ಥಾನಕ್ಕೆ ಬಂದಿವೆ. ಯೂರೋಪಿನ ಹೆಸರಾಂತ ಕಾರ್ಯಾಗಾರಗಳ ಕೈಚೀಲಗಳು ಇಂದು ಒಡವೆಗಳಂತೆಯೇ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಒಬ್ಬರು ಬಳಸಿದ ಚೀಲಕ್ಕೂ ಕೆಲವೊಮ್ಮೆ ಲಕ್ಷಾಂತರ ರೂಪಾಯಿ ಬೆಲೆ ಬರುತ್ತದೆ. ಬೆಲೆಯಿದ್ದಲ್ಲಿ ಪ್ರತಿರೂಪವೂ ಹುಟ್ಟುವುದು ಲೋಕದ ರೂಢಿ.

ಇಂಥ ಚೀಲಗಳಲ್ಲಿ ಬಹುಪಾಲು ಚರ್ಮದವು. ಅವನ್ನು ಬಳಸುವುದು ಉಚಿತವೇ ಎಂಬುದು ಅಹಿಂಸಾವ್ರತಕ್ಕೆ ಸೇರಿದ ಪ್ರಶ್ನೆ. ಅನೇಕ ಮನೆಗಳಲ್ಲಿ ಅದಕ್ಕೆ ಉತ್ತರವೂ ಆಗಲೇ ನಿಶ್ಚಯವಾಗಿದೆ. ಇಲ್ಲಿ ವಿಚಾರಿಸಬೇಕಾಗಿರುವುದು ಅಸ್ತೇಯಕ್ಕೆ ಸಂಬಂಧಿಸಿದ ಇನ್ನೊಂದು ಪ್ರಶ್ನೆ. ನಿಜವಾದುದನ್ನು ಗುರುತಿಸುವುದು ಹೇಗೆ, ಗುರುತಿಸಿದವನ ಹೊಣೆ ಏನು ಎಂಬ ಆ ಪ್ರಶ್ನೆ ಕೈಚೀಲಕ್ಕೆ ಮಾತ್ರವಲ್ಲದೆ ಗಡಿಯಾರಕ್ಕೂ ರೇಷ್ಮೆಗೂ ಒಡವೆಗೂ ಸಮಾನವಾಗಿ ಅನ್ವಯಿಸುತ್ತದೆ.

ಈ ಇತಿಹಾಸದ ಮೊದಲ ಪುಟಗಳು ಪ್ಯಾರಿಸ್ ನಗರಕ್ಕೆ ಸೇರಿದವು. 1821ರಲ್ಲಿ ಫ್ರಾನ್ಸಿನ ಜುರಾ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ಲೂಯಿ ವಿಟಾನ್ ಎಂಬ ಬಾಲಕ ಕಾಲ್ನಡಿಗೆಯಲ್ಲಿಯೇ ಹೊರಟು 1837ರಲ್ಲಿ ಪ್ಯಾರಿಸ್ ಸೇರಿದನು. ಪೆಟ್ಟಿಗೆ ಮಾಡುವವನೊಬ್ಬನ ಬಳಿ ಕೆಲಸ ಕಲಿತು, 1854ರಲ್ಲಿ ಸ್ವಂತ ಅಂಗಡಿ ತೆರೆದನು. ಆಗಿನ ಪ್ರಯಾಣದ ಪೆಟ್ಟಿಗೆಗಳಿಗೆ ಉಬ್ಬಿದ ಮುಚ್ಚಳ ಇರುತ್ತಿತ್ತು. ಒಂದರ ಮೇಲೊಂದನ್ನು ಪೇರಿಸಲು ಬರುತ್ತಿರಲಿಲ್ಲ. ವಿಟಾನ್ 1858ರಲ್ಲಿ ನೀರು ತಾಳುವ ಬೂದುಬಣ್ಣದ ಕ್ಯಾನ್ವಾಸ್ ಹೊದಿಸಿದ, ಸಮತಟ್ಟಾದ ಮುಚ್ಚಳದ ಟ್ರಂಕನ್ನು ತಂದನು. ಅದು ಜನಪ್ರಿಯವಾಯಿತು. ಜನಪ್ರಿಯವಾದುದರಿಂದಲೇ ಇತರರು ಅದನ್ನು ನಕಲು ಮಾಡತೊಡಗಿದರು.

ಮುಂದಿನ ನಾಲ್ಕು ದಶಕಗಳ ಕಥೆ ಗಮನಾರ್ಹವಾದುದು. ನಕಲನ್ನು ತಡೆಯಲು 1872ರಲ್ಲಿ ಪಟ್ಟೆಗಳುಳ್ಳ ಕ್ಯಾನ್ವಾಸ್ ಬಂದಿತು, ಪಟ್ಟೆಗಳೂ ನಕಲಾದವು. 1888ರಲ್ಲಿ ಚದುರಂಗದ ಮಣೆಯಂತಹ ಚೌಕಳಿ ವಿನ್ಯಾಸ ಬಂದಿತು. ಅದರೊಳಗೆ ಇದು ನೋಂದಾಯಿತ ಮುದ್ರೆ ಎಂಬ ಅರ್ಥದ ಫ್ರೆಂಚ್ ಪದಗಳನ್ನೂ ನೇಯಲಾಗಿತ್ತು. ಆದರೂ ನಕಲು ನಿಲ್ಲಲಿಲ್ಲ. 1892ರಲ್ಲಿ ಲೂಯಿ ತೀರಿಕೊಂಡ ಬಳಿಕ ಮಗ ಜಾರ್ಜ್ 1896ರಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರಗಳನ್ನು ಹೂವಿನ ಆಕೃತಿಗಳೊಡನೆ ಹೆಣೆದು ಹೊಸ ವಿನ್ಯಾಸವೊಂದನ್ನು ರೂಪಿಸಿದನು. ಯಾರೂ ಅನುಕರಿಸಲಾರದ ಗುರುತು ಬೇಕೆಂದು ಹುಟ್ಟಿದ ಆ ವಿನ್ಯಾಸವೇ ಇಂದು ಜಗತ್ತಿನ ಬೀದಿಬದಿಯ ಅಂಗಡಿಗಳಲ್ಲಿ ಅತಿ ಹೆಚ್ಚಾಗಿ ಖೋಟಾ ಆಗಿ ಕಾಣಸಿಗುವ ಗುರುತುಗಳಲ್ಲಿ ಒಂದಾಗಿದೆ. ನಿಜವನ್ನು ಕಾಯಲು ನಿಲ್ಲಿಸಿದ ಕಾವಲುಗಾರನ ವೇಷವನ್ನೇ ಕಳ್ಳನು ತೊಟ್ಟಂತಾಯಿತು.

ಇದು ಒಂದು ಮನೆತನದ ತೊಂದರೆ ಮಾತ್ರವಾಗಿರಲಿಲ್ಲ. ಫ್ರಾನ್ಸ್ ದೇಶವು 1857ರಲ್ಲಿಯೇ ವ್ಯಾಪಾರ ಮುದ್ರೆಗಳ ರಕ್ಷಣೆಗೆ ಕಾನೂನು ಮಾಡಿತ್ತು. 1872ರಲ್ಲಿ ಅಲ್ಲಿನ ತಯಾರಕರು ಖೋಟಾ ವಸ್ತುಗಳ ವಿರುದ್ಧ ಸಂಘವೊಂದನ್ನು ಕಟ್ಟಿಕೊಂಡರು. ಆ ಸಂಘವು 1951ರಲ್ಲಿ ಪ್ಯಾರಿಸ್ಸಿನಲ್ಲಿ ಖೋಟಾ ವಸ್ತುಗಳಿಗೆಂದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆಯಿತು. ಅಸಲಿ ಮತ್ತು ನಕಲಿಗಳನ್ನು ಅಕ್ಕಪಕ್ಕದಲ್ಲಿರಿಸಿ ತೋರಿಸುವುದು ಅಲ್ಲಿನ ಕ್ರಮ. ರೋಮನ್ನರ ಕಾಲದ ಮದ್ಯದ ಜಾಡಿಗಳ ಮುಚ್ಚಳದ ಮೇಲೆ ಬೇರೊಬ್ಬ ವ್ಯಾಪಾರಿಯ ಮುದ್ರೆಯನ್ನು ಒತ್ತಿ ಮಾಡಿದ ಮೋಸದ ಸಾಕ್ಷ್ಯವೂ ಅಲ್ಲಿದೆ. ಈ ದೋಷ ಯಂತ್ರಯುಗದ ಸೃಷ್ಟಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಬಳಸಿದ ಚೀಲವನ್ನು ಕೊಳ್ಳುವವರು ಯಾವುದನ್ನು ನಂಬಬೇಕು? ಶಾಸನತಜ್ಞರು ಕೂಟಶಾಸನವನ್ನು ಪತ್ತೆಹಚ್ಚುವ ವಿಧಾನ ಇಲ್ಲಿಯೂ ನೆರವಾಗುತ್ತದೆ. ತಾಮ್ರಪಟದ ಲಿಪಿ, ಶಕವರ್ಷ, ತಿಥಿವಾರ, ಅರಸನ ಬಿರುದು ಇವು ಒಂದೊಂದೂ ಪ್ರತ್ಯೇಕವಾಗಿ ಸರಿಯೆನಿಸಬಹುದು. ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿದಾಗ ಮೋಸ ಹೊರಬೀಳುತ್ತದೆ. ಕೈಚೀಲದ ಪರೀಕ್ಷೆಯೂ ಇಂಥದೇ. ಖೋಟಾ ಮಾಡುವವನು ಗುರುತುಗಳನ್ನು ಒಂದೊಂದಾಗಿ ಕದಿಯುತ್ತಾನೆ. ಅವುಗಳ ಪರಸ್ಪರ ಹೊಂದಾಣಿಕೆಯಲ್ಲಿ ತಪ್ಪುತ್ತಾನೆ.

ವಿಟಾನ್ ಚೀಲಗಳೊಳಗೆ 1980ರ ದಶಕದ ಆರಂಭದಿಂದ ತಯಾರಿಕೆಯ ಸ್ಥಳ ಮತ್ತು ಕಾಲವನ್ನು ಸೂಚಿಸುವ ಸಂಕೇತವನ್ನು ಒತ್ತಲಾಗುತ್ತಿತ್ತು. 1990ರಿಂದ 2006ರವರೆಗಿನ ಕ್ರಮದಲ್ಲಿ ಎರಡು ಅಕ್ಷರಗಳು ಕಾರ್ಯಾಗಾರವನ್ನು ಸೂಚಿಸುತ್ತಿದ್ದವು. ಅನಂತರದ ನಾಲ್ಕು ಅಂಕಿಗಳಲ್ಲಿ ಮೊದಲನೆಯದೂ ಮೂರನೆಯದೂ ಕೂಡಿ ತಿಂಗಳನ್ನು, ಎರಡನೆಯದೂ ನಾಲ್ಕನೆಯದೂ ಕೂಡಿ ವರ್ಷವನ್ನು ಹೇಳುತ್ತಿದ್ದವು. 0997 ಎಂದಿದ್ದರೆ 1997ರ ಸೆಪ್ಟೆಂಬರ್. ಅದೇ ಕಾಲದ್ದೆಂದು ಹೇಳುವ ಚೀಲದಲ್ಲಿ 1937 ಎಂದಿದ್ದರೆ ಅದು ಹದಿಮೂರನೆಯ ತಿಂಗಳಾಗುತ್ತದೆ. ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರಿನಲ್ಲಿ ಅಂತಹ ತಿಂಗಳು ಇಲ್ಲ. 2007ರಿಂದ ತಿಂಗಳ ಸ್ಥಾನಕ್ಕೆ ವಾರದ ಸಂಖ್ಯೆ ಬಂದಿತು. 2021ರಲ್ಲಿ ಸಂಕೇತವನ್ನೇ ಕೈಬಿಟ್ಟು ಚೀಲದೊಳಗೆ ಮೈಕ್ರೋಚಿಪ್ ಅಳವಡಿಸತೊಡಗಿದರು. ಈ ಸಂಕೇತವು ಒಂದು ಚೀಲಕ್ಕೆ ಮಾತ್ರ ಸೇರಿದ ಕ್ರಮಸಂಖ್ಯೆಯಲ್ಲ; ಒಂದೇ ವೇಳೆಯಲ್ಲಿ ಒಂದೇ ಕಡೆ ತಯಾರಾದ ಅನೇಕ ಚೀಲಗಳಿಗೆ ಒಂದೇ ಸಂಕೇತವಿರುತ್ತಿತ್ತು. ಆದುದರಿಂದ ಅದು ತಪ್ಪಾಗಿದ್ದರೆ ಸಂಶಯಕ್ಕೆ ಬಲವಾದ ಕಾರಣವಾಗುತ್ತದೆ. ಸರಿಯಾಗಿದ್ದ ಮಾತ್ರಕ್ಕೆ ಚೀಲ ಅಸಲಿಯೆಂದು ಸಿದ್ಧವಾಗುವುದಿಲ್ಲ.

ಕೆಲವು ಗುರುತುಗಳು ಅರಿಯದವರನ್ನು ದಾರಿ ತಪ್ಪಿಸುವುದೂ ಉಂಟು. ಸ್ಪೀಡಿ ಎಂಬ ಪ್ರಸಿದ್ಧ ವಿಟಾನ್ ಚೀಲದಲ್ಲಿ ಒಂದು ಮಗ್ಗುಲಿನ ಅಕ್ಷರಗಳು ತಲೆಕೆಳಗಾಗಿರುತ್ತವೆ. ಇದನ್ನು ಕಂಡು ನಕಲಿಯೆಂದು ತಳ್ಳಿಹಾಕುವವರಿದ್ದಾರೆ. ವಾಸ್ತವವಾಗಿ ಒಂದೇ ಕ್ಯಾನ್ವಾಸ್ ತುಂಡು ಒಂದು ಮಗ್ಗುಲಿನಿಂದ ತಳದಡಿಯಲ್ಲಿ ಹಾದು ಇನ್ನೊಂದು ಮಗ್ಗುಲಿಗೆ ಏರುವುದರಿಂದ ಹಾಗಾಗುತ್ತದೆ. ಇದೇ ಮನೆತನದ ಮೊನೊಗ್ರಾಮ್ ಚೀಲಗಳ ಅಂಚು ಮತ್ತು ಹಿಡಿಕೆಗಳಿಗೆ ಬಳಸುವ ಹದಮಾಡಿದ ಬಣ್ಣರಹಿತ ಚರ್ಮವು ಬೆಳಕು ಗಾಳಿಗಳಿಂದ ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಪ್ಪತ್ತು ವರ್ಷ ದಿನವೂ ಬಳಸಿದ ಚೀಲವೆಂದು ಹೇಳಿ, ಹಿಡಿಕೆ ಮಾತ್ರ ಬಿಳುಪಾಗಿ ಹೊಳೆಯುತ್ತಿದ್ದರೆ, ಹಿಡಿಕೆಯನ್ನು ಬದಲಾಯಿಸಲಾಗಿದೆಯೇ ಎಂದು ಕೇಳಲೇಬೇಕು.

ಎರ್ಮೆಸ್ ಮನೆತನದ ಉದಾಹರಣೆ ಇನ್ನೂ ಸ್ಪಷ್ಟವಾದುದು. ಲೂಯಿ ವಿಟಾನ್ ಪ್ಯಾರಿಸ್ ಸೇರಿದ ಅದೇ 1837ರಲ್ಲಿ ತಿಯೆರಿ ಎರ್ಮೆಸ್ ಕುದುರೆಗಳ ಸಲಕರಣೆ ತಯಾರಿಸುವ ಕಾರ್ಯಾಗಾರವನ್ನು ಅಲ್ಲಿ ಆರಂಭಿಸಿದ್ದನು. ಕುದುರೆಯ ಜೀನನ್ನು ಹೊಲಿಯುವ ರೀತಿಯನ್ನೇ ಆ ಮನೆತನದವರು ಮುಂದೆ ಚೀಲಗಳಿಗೂ ಉಳಿಸಿಕೊಂಡರು. ಮೇಣ ಹಚ್ಚಿದ ಒಂದೇ ಲಿನನ್ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲಿಯೂ ಎರಡು ಕಡೆಯಿಂದ ಹಾಯಿಸಿ ಬಿಗಿಯುತ್ತಾರೆ. ಒಂದು ಕಡೆ ದಾರ ಹರಿದರೂ ಉಳಿದ ಹೊಲಿಗೆ ಬಿಚ್ಚಿಕೊಳ್ಳದು. ಹೊಲಿಗೆಯು ತುಸು ಓರೆಯಾಗಿದ್ದು, ಕೈಕೆಲಸದ ಅತಿ ಸಣ್ಣ ಏರುಪೇರುಗಳನ್ನು ತೋರುತ್ತದೆ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳು ನಡುವೆ ತೊಡರಿಕೊಳ್ಳುವುದರಿಂದ ಅದು ನೆಟ್ಟಗೆ ಒಂದೇ ಸಮನಾಗಿ ಸಾಗುತ್ತದೆ; ಒಂದು ಕಡೆ ಹರಿದರೆ ಸಡಿಲವಾಗುತ್ತಾ ಹೋಗುತ್ತದೆ.

ಈ ಚೀಲಗಳ ಮೇಲೆ 1945ರಿಂದ ತಯಾರಾದ ವರ್ಷಕ್ಕೊಂದು ಅಕ್ಷರವನ್ನು ಒತ್ತುವ ಪದ್ಧತಿ ಬಂದಿತು. 1971ರಿಂದ 1996ರವರೆಗೆ ಆ ಅಕ್ಷರ ವೃತ್ತದೊಳಗೂ, 1997ರಿಂದ 2014ರವರೆಗೆ ಚೌಕದೊಳಗೂ ಇತ್ತು. ವೃತ್ತದೊಳಗಿನ ಸಿ ಅಕ್ಷರ 1973ನ್ನು ಸೂಚಿಸುತ್ತದೆ. ಬರ್ಕಿನ್ ಎಂಬ ಚೀಲ ಹುಟ್ಟಿದ್ದು 1984ರಲ್ಲಿ. ಬರ್ಕಿನ್ ಚೀಲವೊಂದರ ಮೇಲೆ ವೃತ್ತದೊಳಗಿನ ಸಿ ಕಂಡರೆ, ಮಗು ಹುಟ್ಟುವ ಹನ್ನೊಂದು ವರ್ಷ ಮೊದಲೇ ಜಾತಕ ಬರೆದಂತಾಯಿತು. ಶಾನೆಲ್ ಚೀಲಗಳಲ್ಲಿಯೂ ಇಂಥ ಕಾಲವಿರೋಧಗಳನ್ನು ಕಾಣಬಹುದು. 1955ರ ಫೆಬ್ರವರಿಯಲ್ಲಿ ಬಂದ ಅವರ ಪ್ರಸಿದ್ಧ ಚೀಲಕ್ಕಿದ್ದುದು ಸಾದಾ ಆಯತಾಕಾರದ ತಿರುಗುಬೀಗ. ಎರಡು ಅಕ್ಷರಗಳು ಹೆಣೆದುಕೊಂಡ ಬೀಗ 1980ರ ದಶಕದ್ದು. 1960ರ ಚೀಲವೆಂದು ಹೇಳಿ ಹೆಣೆದ ಅಕ್ಷರಗಳ ಬೀಗವನ್ನು ತೋರಿಸಿದರೆ ಮಾತು ಮತ್ತು ವಸ್ತು ಒಂದಕ್ಕೊಂದು ಒಪ್ಪುವುದಿಲ್ಲ.

ಆದರೆ ಮುದ್ರೆಯೇ ಕಳುವಾದರೆ? ನ್ಯೂಯಾರ್ಕಿನಲ್ಲಿ ಬಳಸಿದ ವಸ್ತುಗಳನ್ನು ಮಾರುವ ಹೆಸರಾಂತ ಮಳಿಗೆಯೊಂದರ ಮೇಲೆ ಶಾನೆಲ್ 2018ರಲ್ಲಿ ಮೊಕದ್ದಮೆ ಹೂಡಿತು. ಇಟಲಿಯ ಕಾರ್ಖಾನೆಯೊಂದರಿಂದ ಕಳುವಾದ ಕ್ರಮಸಂಖ್ಯೆಗಳುಳ್ಳ ಚೀಲಗಳು ಅಲ್ಲಿ ಮಾರಾಟವಾದವೆಂಬುದು ಆರೋಪಗಳಲ್ಲಿ ಒಂದಾಗಿತ್ತು. 2024ರ ಫೆಬ್ರವರಿಯಲ್ಲಿ ಜ್ಯೂರಿಯು ಶಾನೆಲ್ ಪರವಾಗಿ ತೀರ್ಪಿತ್ತು 40 ಲಕ್ಷ ಡಾಲರ್ ಪರಿಹಾರವನ್ನು ನಿಗದಿಪಡಿಸಿತು. ಕಳ್ಳನು ತಂದುದನ್ನು ಕೊಳ್ಳುವ ತದಾಹೃತಾದಾನ ಮತ್ತು ಪ್ರತಿರೂಪಕ ವ್ಯವಹಾರಗಳನ್ನು ಒಂದೇ ವ್ರತದ ಅತಿಚಾರಗಳಾಗಿ ಆಚಾರ್ಯರು ಏಕೆ ಜೊತೆಯಲ್ಲಿರಿಸಿದರೆಂಬುದು ಈ ವ್ಯಾಜ್ಯದಿಂದ ಮನವರಿಕೆಯಾಗುತ್ತದೆ.

ಗುರುತುಗಳೆಲ್ಲ ನಕಲಾಗಬಹುದೆಂದ ಮೇಲೆ ಕೊನೆಗೆ ಉಳಿಯುವುದು ವಸ್ತು ನಡೆದುಬಂದ ದಾರಿಯ ವಿಚಾರಣೆ. ಮೊದಲು ಕೊಂಡವರು ಯಾರು, ಯಾವ ವರ್ಷ, ಯಾವ ಅಂಗಡಿಯಲ್ಲಿ, ರಸೀದಿ ಇದೆಯೇ, ರಿಪೇರಿ ಆಗಿದೆಯೇ, ಅನಂತರ ಯಾರ ಕೈ ಸೇರಿತು ಎಂಬ ಪ್ರಶ್ನೆಗಳಿಗೆ ಪ್ರಾಮಾಣಿಕನಾದ ಮಾರಾಟಗಾರ ಬೇಸರಿಸುವುದಿಲ್ಲ. ರಸೀದಿ, ಪೆಟ್ಟಿಗೆ, ಚೀಟಿಗಳೂ ಖೋಟಾ ಆಗಬಹುದಾದುದರಿಂದ ಉತ್ತರಗಳು ಚೀಲದ ವಯಸ್ಸಿಗೂ ಸವೆತಕ್ಕೂ ಹೊಂದಬೇಕು. ಅವಸರಪಡಿಸುವವನಿಂದಲೂ, ನಂಬಲಾಗದಷ್ಟು ಕಡಿಮೆ ಬೆಲೆ ಹೇಳುವವನಿಂದಲೂ ದೂರವಿರುವುದು ಲೇಸು.

ಕೊಳ್ಳುವವರ ಕಡೆಯೂ ಒಂದು ಹೊಣೆಯಿದೆ. ಖೋಟಾ ಎಂದು ತಿಳಿದೂ ಅಗ್ಗವೆಂದು ಕೊಳ್ಳುವವರು, ಯಾರಿಗೂ ನಷ್ಟವಿಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಆ ಚೀಲ ಅವರ ಮನೆಯಲ್ಲಿಯೇ ಉಳಿಯುವುದಿಲ್ಲ. ಇನ್ನೊಬ್ಬರ ಕೈಗೆ ಹೋಗುವಾಗ ಅಸಲಿಯೆಂಬ ಹೆಸರನ್ನು ಹೊತ್ತುಕೊಂಡೇ ಹೋಗಬಹುದು. ಇದಕ್ಕಿಂತ ಕಠಿಣವಾದ ಪರೀಕ್ಷೆ ಮೋಸಹೋದವರದು. ನಿಜವೆಂದು ನಂಬಿ ದುಡಿಮೆಯ ಹಣ ಕೊಟ್ಟವರಿಗೆ, ಅದು ನಕಲಿಯೆಂದು ತಿಳಿದ ದಿನ, ಬಂದ ಬೆಲೆಗೆ ಸದ್ದಿಲ್ಲದೆ ಮಾರಿಬಿಡುವ ಆಸೆ ಹುಟ್ಟುವುದು ಸಹಜ. ನಷ್ಟ ತುಂಬಿಕೊಳ್ಳುವುದು ತಪ್ಪಲ್ಲವೆಂದು ಆಗ ಮನಸ್ಸು ವಾದಿಸುತ್ತದೆ. ಆ ಗಳಿಗೆಯ ತನಕ ಅವರು ವಂಚಿತರು. ಮಾರಿದ ಮೇಲೆ ವಂಚಕರು. ಕೈಯಲ್ಲಿರುವ ಚೀಲ ಮಾತ್ರ ಅದೇ.

ಭಾರತದ ಕಾನೂನೂ ಈ ಭೇದವನ್ನು ಗುರುತಿಸಿದೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಅದರ 104ನೆಯ ಪ್ರಕರಣದಂತೆ ಸುಳ್ಳು ಮುದ್ರೆಯುಳ್ಳ ವಸ್ತುವನ್ನು ಮಾರಿದರೂ, ಮಾರಲೆಂದು ಇಟ್ಟುಕೊಂಡರೂ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಬಹುದು. ತಕ್ಕ ಎಚ್ಚರಿಕೆ ವಹಿಸಿದ್ದು, ಸಂಶಯಕ್ಕೆ ಕಾರಣವಿರದೆ, ವಸ್ತು ಯಾರಿಂದ ಬಂದಿತೆಂಬುದನ್ನು ಕೇಳಿದಾಗ ತಿಳಿಸಿದವರಿಗೆ ಅದೇ ಪ್ರಕರಣ ರಕ್ಷಣೆಯನ್ನೂ ಕೊಡುತ್ತದೆ. ಅರಿಯದೆ ಆದುದಕ್ಕೆ ಒಂದು ಅಳತೆ, ಅರಿತು ಮಾಡಿದುದಕ್ಕೆ ಇನ್ನೊಂದು.

ಪಟ್ಟೆ, ಚೌಕಳಿ, ಅಕ್ಷರ, ಸಂಕೇತ, ಮೈಕ್ರೋಚಿಪ್ ಎಂದು ಒಂದೂವರೆ ಶತಮಾನದಲ್ಲಿ ಮುದ್ರೆಗಳು ಬದಲಾಗುತ್ತಲೇ ಬಂದಿವೆ. ಅವುಗಳ ಬೆನ್ನಿಗೆ ಪ್ರತಿರೂಪಗಳೂ ಬಂದಿವೆ. ಈ ಸರಪಣಿ ಕಡಿಯುವುದು ಯಾರೋ ಒಬ್ಬರು ತಾವು ಮೋಸಹೋದುದನ್ನು ಒಪ್ಪಿಕೊಂಡು, ಮಾರಿದವನಿಗೆ ಚೀಲವನ್ನು ಹಿಂದಿರುಗಿಸಿ ಹಣ ಕೇಳಿದಾಗ. ಹಣ ಬಾರದಿದ್ದರೆ ನಷ್ಟವನ್ನು ತಮ್ಮಲ್ಲಿಯೇ ಉಳಿಸಿಕೊಂಡು, ಚೀಲವನ್ನು ಮುಂದಿನವರ ಕೈಗೆ ದಾಟಿಸದೆ ನಿಂತಾಗ. ಅಚೌರ್ಯಾಣುವ್ರತವು ಗೃಹಸ್ಥನಿಂದ ಕೇಳುವುದು ಇಷ್ಟನ್ನೇ.